ತಡವಾಗಿ ಬಂದ ದನಿ

ಹಾಡು ಶುರುವಾದಾಗ ಲೆಯಾಂದ್ರೊ ಫೆರೇರೊ ಬಾಯೊಳಗೆ ಸಿಕ್ಕ ಮೀನಿನ ಮುಳ್ಳನ್ನು ನಾಲಿಗೆಯಿಂದ ಹುಡುಕುತ್ತಿದ್ದ. ಶುಭ ಶುಕ್ರವಾರದ ಮಧ್ಯಾಹ್ನದ ಊಟ. ಕಡಲೆಯ ಜೊತೆ ಬೇಯಿಸಿದ ಉಪ್ಪುಮೀನು. ಎದುರಿಗೆ ಕಪ್ಪು ಉಟ್ಟು ಕೂತ ಅಮ್ಮ. ಕಪಾಟಿನ ಮೇಲೆ ಕಸೂತಿ ಹೊದಿಕೆಯ ರೇಡಿಯೊ. ನಿನ್ನೆಯಿಂದ ರೇಡಿಯೊ ಸೂತಕದಲ್ಲಿತ್ತು. ಕ್ರಿಸ್ತ ಮತ್ತೆ ಏಳುವ ತನಕ ದೇಶದ ಯಾವ ನಿಲಯವೂ ಕುಣಿಯುವ ಹಾಡು ಹಾಕುವಂತಿಲ್ಲ; ಆರ್ಗನ್, ಪಿಟೀಲು, ಸನ್ಯಾಸಿಗಳ ಪಠಣ, ಮತ್ತೆ ಆರ್ಗನ್. ಈಗಲೂ ಆರ್ಗನ್ನೇ. ತಳದಲ್ಲಿ ಎಂಟು ಸ್ವರಗಳು ಒಂದೊಂದೇ ಮೆಟ್ಟಿಲು ಇಳಿದು, ಕೆಳಗೆ ಮುಟ್ಟಿ, ಮತ್ತೆ ಮೇಲಿನಿಂದ ಇಳಿಯತೊಡಗಿದ್ದವು. ಯಾರೋ ಹಳೆಯ ಗುರುವಿನ ಕೃತಿ ಇರಬೇಕು, ಆದರೆ ತಳವನ್ನು ಕಾಲಿನಿಂದ ನುಡಿಸುವವನಿಗೆ ಹದ ಸಾಲದು ಎಂದು ಲೆಯಾಂದ್ರೊ ವೃತ್ತಿಯ ಜಂಬದಿಂದ ಅಂದುಕೊಂಡ. ಎರಡನೆಯ ಸುತ್ತಿಗೆ ಪಿಟೀಲುಗಳು ಸೇರಿದವು. ಮೂರನೆಯ ಸುತ್ತಿಗೆ, ಹದ ಸಾಲದ ಆ ಕಾಲು ತನ್ನದೇ ಎಂದು ಅವನಿಗೆ ತಿಳಿಯಿತು. ಮುಳ್ಳು ಗಂಟಲಿಗೆ ಇಳಿಯಿತು.

ಆಮೇಲೆ ತಂಡದ ಹಾಡುಗಾರ ಎಲಾದಿಯೊನ ದನಿ ಬಂತು. ಬರಬೇಕಾದ ಕಡೆ ಬರದೆ, ಅರ್ಧ ಎಣಿಕೆ ತಡೆದು, ಆಮೇಲೆ ಬಂತು. 'ಮನೆಗಿನ್ನೆಷ್ಟು ದೂರ, ಸ್ವಾಮಿ.' ಕಳೆದ ಸೆಪ್ಟೆಂಬರಿನಿಂದ ಮದ್ರಿದಿನ ಹುಡುಗ ಹುಡುಗಿಯರು ಕತ್ತಲೆಯ ನೃತ್ಯಶಾಲೆಗಳಲ್ಲಿ ತೊಡೆಗೆ ತೊಡೆ ತಾಗಿಸಿಕೊಂಡು ನಿಂತಲ್ಲೇ ಓಲಾಡುತ್ತಿದ್ದುದು ಇದೇ ಹಾಡಿಗೆ. ತಳದಲ್ಲಿ ಚರ್ಚಿನ ಇನ್ನೂರು ವರ್ಷದ ಸಂಗೀತ, ಮೇಲೆ ಎದೆ ಬಗೆದಿಟ್ಟು ಹಾಡುವ ಕಪ್ಪು ಗಂಡಸಿನ ದನಿ. ಇದೇ ಅವರ 'ವಿತ್ರಾಲೆಸ್' ತಂಡದ ಸರಕು. ಸಮೋರಾದ ಈ ಪುಟ್ಟ ನಿಲಯದಲ್ಲಿ ಯಾರೋ ಮಹಾಶಯ ಆರ್ಗನ್ ಕೇಳಿ, ಸ್ವಾಮಿ ಎಂಬ ಮಾತು ಕೇಳಿ, ಸಾವಿನ ದಿನದ ಗ್ರಾಮಫೋನ್ ತಟ್ಟೆಗಳ ಜೊತೆ ಇದನ್ನೂ ಇಟ್ಟುಬಿಟ್ಟಿದ್ದ. ಅಮ್ಮ ಚಮಚ ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು.

"ಎಷ್ಟು ಚೆನ್ನಾಗಿ ಹಾಡ್ದ ಪುಣ್ಯಾತ್ಮ," ಎಂದಳು. "ನೋಡು, ಸಂಗೀತ ಕಲಿತವರು ಇಂಥದ್ದು ಮಾಡ್ಬೇಕು. ನೀನೂ ಇದೀಯ, ತಲೆ ಮೇಲೆ ಸುಳ್ಳುಕೂದಲು ಇಟ್ಕೊಂಡು ಟೆಲಿವಿಷನ್ನಲ್ಲಿ ಹಲ್ಲು ಕಿರಿಯೋಕೆ."

ಅದರ ತಟ್ಟೆಯನ್ನು ಅವನೇ ತಂದುಕೊಟ್ಟಿದ್ದ. ಕಪಾಟಿನ ಕೆಳಗಿನ ಅರೆಯಲ್ಲಿ, ಅವನ ದೀಕ್ಷಾಸ್ನಾನದ ಮೇಣದಬತ್ತಿಯ ಪಕ್ಕ, ಬಿಚ್ಚದ ಕಾಗದದಲ್ಲಿ ಅದು ಹಾಗೇ ಇತ್ತು. ಅಮ್ಮಾ, ಇದು ನಮ್ಮದೇ ಹಾಡು ಎಂದು ಹೇಳಬಹುದಿತ್ತು. ಹೇಳಿದರೆ ಅವಳ ಕಣ್ಣೀರು ವಾಪಸು ಹೋಗುತ್ತಿತ್ತು. ಅವನು ಬ್ರೆಡ್ಡಿನ ತುಂಡನ್ನು ನುಂಗಿ ಮುಳ್ಳನ್ನು ಕೆಳಗೆ ತಳ್ಳಲು ನೋಡಿದ.

ಸುಳ್ಳುಕೂದಲು. ಅದು ಎಲ್ಲರಿಗೂ ನೆನಪಿದೆ. ಟೆಲಿವಿಷನ್ ಕಾರ್ಯಕ್ರಮಕ್ಕೆ ತಂಡದ ಐದು ಜನರಿಗೂ ಮಖಮಲ್ಲಿನ ಕೋಟು, ಕೈತುದಿಗೆ ಲೇಸು, ಅವನೊಬ್ಬನಿಗೆ ಮಾತ್ರ ಪೌಡರು ಹಾಕಿದ ಬಿಳಿ ಕೂದಲಿನ ಟೋಪಿ; ಯಾಕೆಂದರೆ ಅವನು ಕೂತಿದ್ದು ಹಳೆ ಕಾಲದ ಕೀಬೋರ್ಡಿನ ಮುಂದೆ. ಅದರೊಳಗೆ ತಂತಿಯೇ ಇರಲಿಲ್ಲ. ತಟ್ಟೆ ತಿರುಗುತ್ತಿತ್ತು, ಇವರು ಬಾಯಿ ಕೈ ಆಡಿಸುತ್ತಿದ್ದರು. ಹತ್ತು ವರ್ಷ ಕಲಿತ ಬೆರಳುಗಳು ಸತ್ತ ಮರದ ಮೇಲೆ ಟಕಟಕ ಸದ್ದು ಮಾಡುತ್ತಿದ್ದಾಗ ನಿರ್ದೇಶಕ ಕತ್ತಲಿನಿಂದ ಕೂಗಿದ, "ಏ ಕೂದಲಪ್ಪ, ಸ್ವಲ್ಪ ಬಗ್ಗಯ್ಯ, ನಿನ್ನ ಭುಜ ಹಾಡುಗಾರನಿಗೆ ಅಡ್ಡ ಬರ್ತಿದೆ." ಅವನು ಬಗ್ಗಿದ. ಹಾಡು ಮುಗಿದ ಮೇಲೆ ಮಾತಾಡಿಸಿದ್ದೂ ಎಲಾದಿಯೊನನ್ನೇ. ನಿಮಗೆ ಸ್ಪೇನ್ ಇಷ್ಟವಾಯಿತೇ ಎಂದು ಕೇಳಿದರು. ಎಲಾದಿಯೊ, ಆಫ್ರಿಕಾದ ಗಿನಿಯಲ್ಲಿ ಸ್ಪೇನಿನ ಬಾವುಟದ ಕೆಳಗೇ ಹುಟ್ಟಿ ಸ್ಪ್ಯಾನಿಷ್ ಪಾದ್ರಿಗಳ ಕೈಯಲ್ಲೇ ಅಕ್ಷರ ಕಲಿತವನು, ತುಂಬಾ ಇಷ್ಟವಾಯಿತು ಎಂದು ನಕ್ಕ. ಬಗ್ಗಿ ಕೂತಲ್ಲಿಂದ ಲೆಯಾಂದ್ರೊನಿಗೆ ಆ ನಗು ಅರ್ಧ ಮಾತ್ರ ಕಂಡಿತ್ತು. ಆಗ ಪಾಪ ಅನ್ನಿಸಬೇಕಿತ್ತು. ಅನ್ನಿಸಿದ್ದು ಹೊಟ್ಟೆಕಿಚ್ಚು.

ಆ ತಡ. ಧ್ವನಿಮುದ್ರಣದ ದಿನ ನೆಲಮಾಳಿಗೆಯ ಸ್ಟುಡಿಯೊದಲ್ಲಿ ಹತ್ತು ಸಲ ಹಾಡಿಸಿದ್ದಾಯಿತು, ಹತ್ತು ಸಲವೂ ಎಲಾದಿಯೊ ಅರ್ಧ ಎಣಿಕೆ ತಡವಾಗಿಯೇ ಬಂದ. ಲೆಯಾಂದ್ರೊ ಗಾಜಿನ ಹಿಂದಿನಿಂದ ಗುಂಡಿ ಒತ್ತಿ, "ಎಲಾದಿಯೊ, ನಿಂಗೆ ನಾಲ್ಕರ ತನಕ ಎಣಿಸೋಕೆ ಬರುತ್ತೆ ತಾನೆ?" ಎಂದ. ಬಾಡಿಗೆಗೆ ಕರೆಸಿದ ಪಿಟೀಲಿನವರು ಕಿಸಕ್ಕೆಂದರು. ಎಲಾದಿಯೊ ಬೇಸರ ಮಾಡಿಕೊಳ್ಳಲಿಲ್ಲ. "ಎಣಿಸೋಕೆ ಬರುತ್ತೆ ಮಾರಾಯ. ನಮ್ಮಮ್ಮ ಬಟ್ಟೆ ಒಗೀತಾ ಹಾಡೋಳು. ಒಂದೊಂದು ಸಾಲಿಗೂ ಮುಂಚೆ ಸ್ವಲ್ಪ ಸುಮ್ನಿರೋಳು. ಯಾಕಮ್ಮಾ ಅಂದ್ರೆ, ದೂರ ಇರೋರು ಮೊದ್ಲು ಒಳಗೆ ಬರ್ಲಿ ಅನ್ನೋಳು. ಅದೇ ಅಭ್ಯಾಸ ಆಗ್ಬಿಟ್ಟಿದೆ." ಇದು ಬಟ್ಟೆ ಒಗೆಯೋ ಕಲ್ಲಲ್ಲ ಎಂದು ಲೆಯಾಂದ್ರೊ ಹೇಳಿದ, ಆ ಮಾತು ಹೇಳಿದ ತನ್ನ ದನಿ ಇವತ್ತಿಗೂ ಅವನ ಕಿವಿಯಲ್ಲಿದೆ. ಹನ್ನೊಂದನೆಯ ಸಲವೂ ತಡವೇ. ಅಷ್ಟರಲ್ಲಿ ಪಿಟೀಲಿನವರು ಕೊನೆಯ ಬಸ್ಸಿಗೆಂದು ಪೆಟ್ಟಿಗೆ ಮುಚ್ಚತೊಡಗಿದ್ದರು, ಹಾಗಾಗಿ ಅದೇ ಉಳಿಯಿತು. ಬೇರೆ ಯಾವ ಕಾರಣವೂ ಇರಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಬಂದವಳು ಉರ್ಬಾನಾ, ದೋನ್ ಅಬಿಲಿಯೊನ ತಂಗಿ, ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ತಲೆಯ ಮೇಲಿನ ಕಪ್ಪು ಶಾಲಿನಲ್ಲಿ ಮಳೆಹನಿ ಕೂತಿತ್ತು.

"ಲೆಯಾಂದ್ರೊ, ಅವನು ಕರೀತಿದಾನೆ. ಈಗ್ಲೇ ಬರ್ಬೇಕಂತೆ. ರೇಡಿಯೊ ಕೇಳ್ತಾ ಕೂತಿದ್ದ, ಊಟ ಅರ್ಧಕ್ಕೇ ಬಿಟ್ಟ, ಅವಾಗಿಂದ ಟೇಬಲ್ ಮೇಲೆ ಬೆರಳು ಬಡೀತಾನೇ ಇದಾನೆ. ನಂಗೆ ತಲೆ ಚಿಟ್ಟು ಹಿಡಿದುಹೋಯ್ತು."

ಲೆಯಾಂದ್ರೊ ಆರ್ಗನ್ ಬಿಟ್ಟು ಮದ್ರಿದಿಗೆ ಹೋದಾಗಿನಿಂದ, ಆರು ವರ್ಷ, ದೋನ್ ಅಬಿಲಿಯೊ ಅವನ ಜೊತೆ ಮಾತು ಬಿಟ್ಟಿದ್ದ. ಕುರುಡ, ಈ ಊರಿನ ಚರ್ಚಿನಲ್ಲಿ ಐವತ್ತು ವರ್ಷ ಆರ್ಗನ್ ನುಡಿಸಿದವನು, ಅವನಿಗೆ ಸಂಗೀತ ಕಲಿಸಿದವನು. ನಿನ್ನೆಯಿಂದ ಆರ್ಗನ್ನಿಗೂ ಬೀಗ. ಗಂಟೆಯ ಬದಲು ಮರದ ಗಿಲಕಿ. ಇಂಥ ದಿನಗಳಲ್ಲಿ ದೋನ್ ಅಬಿಲಿಯೊ ಊಟದ ಮೇಜಿನ ಮೇಲೆ ಪಾಠ ಮಾಡುತ್ತಿದ್ದ. ಎಡಗೈಯಿಂದ ಎಂಟು ಸ್ವರ ಬಡಿಯುವುದು, ಸದ್ದಿಲ್ಲದ ಆ ಸ್ವರಗಳನ್ನು ಕೇಳಿಸಿಕೊಂಡು ಶಿಷ್ಯ ಬಲಗೈಯ ಸಾಲನ್ನು ಮನಸ್ಸಿನಲ್ಲೇ ಕಟ್ಟುವುದು, ಕಟ್ಟಿದ್ದನ್ನು ಬಡಿದು ತೋರಿಸುವುದು. ತಪ್ಪಿದರೆ ಮುದುಕನಿಗೆ ಬೆರಳಿನ ತೂಕದಲ್ಲೇ ಗೊತ್ತಾಗುತ್ತಿತ್ತು. ಆ ಎಂಟು ಸ್ವರ ಎಲ್ಲಿಯೂ ಅಚ್ಚಾಗಿರಲಿಲ್ಲ, ದೋನ್ ಅಬಿಲಿಯೊ ಕಟ್ಟಿದ್ದವು. ಈಗ ಅವು ಜ್ಯೂಕ್‌ಬಾಕ್ಸಿನಲ್ಲಿವೆ, ಕೆಳಗೆ ಎಲ್. ಫೆರೇರೊ ಎಂದಿದೆ. ಕದ್ದ ಮಾಲು ಮಾಲೀಕನ ಮನೆಯ ರೇಡಿಯೊದಲ್ಲೇ ಕೂಗಿಕೊಂಡಿತ್ತು, ಅದೂ ದೇವರು ಸತ್ತ ದಿನ. ಕೋಟು ಹಾಕಿಕೊಳ್ಳುವಾಗ ತೋಳು ಎರಡು ಸಲ ತಪ್ಪಿತು.

ಉರ್ಬಾನಾ ಮುಂದೆ ಹೋದಳು. ಅವನು ನಿಲ್ದಾಣದ ಕಡೆಯ ದಾರಿ ಹಿಡಿದ, ಯಾಕೆಂದರೆ ಮೂರು ಗಂಟೆಗೆ ಬರುತ್ತೇನೆಂದು ಎಲಾದಿಯೊನಿಗೆ ಮಾತು ಕೊಟ್ಟಿದ್ದ. ಪವಿತ್ರ ವಾರದಲ್ಲಿ ತಂಡಕ್ಕೆ ಎಲ್ಲಿಯೂ ಕಾರ್ಯಕ್ರಮವಿರಲಿಲ್ಲ. ಉಳಿದ ಮೂವರೂ ತಂತಮ್ಮ ಊರಿಗೆ ಹೋಗಿದ್ದರು. ಮದ್ರಿದಿನಲ್ಲಿ ಎಲಾದಿಯೊ ಇದ್ದ ವಸತಿಯ ಯಜಮಾನಿ ಬೀಗ ಹಾಕಿಕೊಂಡು ತವರಿಗೆ ಹೊರಟಿದ್ದಳು. ನಮ್ಮೂರಿಗೆ ಬಾ ಎಂದು ಕರೆದವನು ಲೆಯಾಂದ್ರೊನೇ. ಎಲ್ಲಿ ಮಲಗಿಸೋದು ಅವನನ್ನ ಎಂದಳು ಅಮ್ಮ. ಅಣ್ಣ ಜರ್ಮನಿಯ ಕಾರ್ಖಾನೆಗೆ ಹೋದಾಗಿನಿಂದ ಅವನ ಕೋಣೆ ಖಾಲಿಯೇ ಇತ್ತು, ಮಂಚಕ್ಕೆ ಬಿಳಿ ಹೊದಿಕೆ ಹಾಸಿಯೇ ಇತ್ತು. ಲೆಯಾಂದ್ರೊ ಆ ಕೋಣೆಯ ಬಾಗಿಲನ್ನು ನೋಡಿದ, ಅಮ್ಮನೂ ನೋಡಿದಳು. ನಿಲ್ದಾಣದ ಹತ್ತಿರ ಒಳ್ಳೆಯ ವಸತಿಗೃಹವಿದೆ, ನಿನಗೆ ಸ್ವತಂತ್ರವಾಗಿರುತ್ತದೆ ಎಂದು ಅವನು ಎಲಾದಿಯೊನಿಗೆ ಹೇಳಿದ್ದ.

ವಸತಿಗೃಹದ ಬಾಗಿಲಲ್ಲೇ ಎಲಾದಿಯೊ ರಿಲೋಹಾ ನಿಂತಿದ್ದ, ಉದ್ದನೆಯ ಆಳು, ತೆಳ್ಳನೆಯ ಬೇಸಿಗೆ ಕೋಟು. ದೂರದಿಂದಲೇ ಕೈ ಎತ್ತಿದ.

"ಕೇಳಿದ್ಯಾ? ಕೇಳಿದ್ಯಾ ನೀನು? ಅಡುಗೆಮನೇಲಿ ಯಜಮಾನಮ್ಮ ಮಂಡಿಯೂರಿಬಿಟ್ಲು! ನಾನು ನಗು ತಡೆಯೋಕೆ ಈರುಳ್ಳಿ ಹೆಚ್ಚಿಕೊಡ್ತೀನಿ ಅಂತ ಕೂತೆ. ಆಮೇಲೆ ನಂಗೂ ಅಳು ಬಂತು. ಈರುಳ್ಳೀದೋ ಏನೋ."

"ಪತ್ರ ಏನಾದ್ರೂ?"

"ಇವತ್ತು ಅಂಚೆ ಎಲ್ಲಿ ಇರುತ್ತಪ್ಪ." ಎಲಾದಿಯೊ ಕೋಟಿನ ಕಾಲರು ಎತ್ತಿಕೊಂಡ. ಅಮ್ಮನ ಪತ್ರ ಬಂದು ಏಳು ವಾರವಾಗಿತ್ತು. ಫೆಬ್ರವರಿಯಲ್ಲಿ ಅಲ್ಲಿ ಗಲಾಟೆ ಶುರುವಾದ ಮೇಲೆ ಗಿನಿಯಿಂದ ಹಡಗು ಹಡಗು ಸ್ಪೇನಿನವರು ವಾಪಸು ಬರುತ್ತಿದ್ದರು. ಬಂದವರನ್ನೆಲ್ಲ ಅವನು ಹುಡುಕಿಕೊಂಡು ಹೋಗಿ, ರಾಜಧಾನಿ ಸಾಂತಾ ಇಸಾಬೆಲ್‌ನ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಒಗೆಯುವ ಒಬ್ಬ ಹೆಂಗಸನ್ನು ಕಂಡಿರಾ ಎಂದು ಕೇಳುತ್ತಿದ್ದ. ಅವರು ತಾವು ಬಿಟ್ಟುಬಂದ ಮನೆ, ತೋಟ, ಫ್ರಿಜ್ಜುಗಳ ಬಗ್ಗೆ ಹೇಳುತ್ತಿದ್ದರು.

"ದೋನ್ ಅಬಿಲಿಯೊ ಕರೆಸಿದಾರೆ ನನ್ನ," ಎಂದ ಲೆಯಾಂದ್ರೊ. "ರೇಡಿಯೊ ಕೇಳಿ."

ಎಲಾದಿಯೊನ ಮುಖ ಅರಳಿತು. "ನಿನ್ನ ಗುರುಗಳಾ? ಯಾವಾಗ್ಲೂ ಹೇಳ್ತಿರ್ತೀಯಲ್ಲ, ದೇಶದಲ್ಲೇ ಅಂಥ ಕಿವಿ ಇಲ್ಲ ಅಂತ? ನಡಿ, ನಾನೂ ಬರ್ತೀನಿ. ಅಲ್ವೋ, ಇಲ್ಲೀ ತನಕ ನನ್ನ ಹಾಡು ಹೇಗಿದೆ ಅಂತ ಯಾರು ಹೇಳಿದಾರೆ ಹೇಳು? ನನ್ನ ಹಲ್ಲು ಚೆನ್ನಾಗಿದೆ ಅಂದಿದಾರೆ. ಸೊಂಟ ಚೆನ್ನಾಗಿ ಆಡುತ್ತೆ ಅಂದಿದಾರೆ. ಒಬ್ಬ ಸರಿಯಾದ ಸಂಗೀತಗಾರ ನನ್ನ ಹೆಸರು ಕೇಳ್ಲಿ. ಅಷ್ಟೇ ಸಾಕು ನಂಗೆ."

ದಾರಿಯುದ್ದಕ್ಕೂ ಅವನೇ ಮಾತಾಡಿದ. ಬೆಳಗಿನ ಜಾವ ಐದಕ್ಕೆದ್ದು ಮೆರವಣಿಗೆ ನೋಡಲು ಹೋಗಿದ್ದನಂತೆ. ಮೂರು ಶಿಲುಬೆ ನೆಟ್ಟ ಜಾಗದಲ್ಲಿ ಎಲ್ಲರೂ ಹೊತ್ತ ವಿಗ್ರಹ ಇಳಿಸಿ ಬೆಳ್ಳುಳ್ಳಿ ಸಾರು ಕುಡಿಯುವಾಗ, ಮೆರವಣಿಗೆಯ ಮುಖಗವಸು ತೊಟ್ಟ ಯಾರೋ ತನ್ನ ಬಟ್ಟಲನ್ನೇ ಇವನಿಗೆ ಕೊಟ್ಟನಂತೆ. ಆ ಹೊತ್ತಿಗೆ ಲೆಯಾಂದ್ರೊ ಮನೆಯಲ್ಲಿ ಮುಸುಕೆಳೆದು ಮಲಗಿದ್ದ. ಬೀದಿಗಳಲ್ಲಿ ಜನರಿರಲಿಲ್ಲ, ಆದರೂ ಎರಡು ಕಿಟಕಿಗಳ ಪರದೆ ಅಲುಗಿದವು; ಲೆಯಾಂದ್ರೊ ತನಗೇ ತಿಳಿಯದೆ ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದ, ಎಲಾದಿಯೊ ಉದ್ದನೆಯ ಕಾಲು ಹಾಕಿ ಮತ್ತೆ ಮತ್ತೆ ಸಮಕ್ಕೆ ಬರುತ್ತಿದ್ದ. ದೋನ್ ಅಬಿಲಿಯೊನ ಮನೆ ನದಿಯ ಕಡೆಯ ಇಳಿಜಾರಿನ ಓಣಿಯಲ್ಲಿತ್ತು, ಅಂಗಡಿಯೊಂದರ ಮೇಲಿನ ಮಹಡಿ. ಬಾಗಿಲ ಹತ್ತಿರ ಲೆಯಾಂದ್ರೊ ನಿಂತ.

"ನೀನು ಇಲ್ಲೇ ಇರು. ವಯಸ್ಸಾದೋರು, ಆರು ವರ್ಷದಿಂದ ನನ್ನ ಮೇಲೆ ಕೋಪ. ಮೊದ್ಲು ನಾನು ಹೋಗಿ ಹದ ನೋಡ್ತೀನಿ, ಆಮೇಲೆ ಕರೀತೀನಿ. ಐದೇ ನಿಮಿಷ."

"ಆಯ್ತು, ಬೈಸ್ಕೊಂಡು ಬಾ," ಎಂದು ಎಲಾದಿಯೊ ನಕ್ಕ. ಅವನು ಅದನ್ನು ನಂಬಿದ. ಲೆಯಾಂದ್ರೊನೂ ನಂಬಿದ್ದ, ಮೆಟ್ಟಿಲು ಹತ್ತುವಾಗ ಅವನ ಮನಸ್ಸಿನಲ್ಲಿ ಮೋಸವಿರಲಿಲ್ಲ, ಭಯವಷ್ಟೇ ಇತ್ತು. ಇದನ್ನು ಅವನು ಆಮೇಲೆ ತನಗೆ ತಾನೇ ಬಹಳ ಸಲ ಹೇಳಿಕೊಳ್ಳಲಿದ್ದ.

ಕೋಣೆ ಬದಲಾಗಿರಲಿಲ್ಲ. ನೆಲದ ತನಕ ಬಟ್ಟೆ ಇಳಿಬಿಟ್ಟ ದುಂಡು ಮೇಜು, ಅದರಡಿ ಕೆಂಡದ ತಟ್ಟೆ, ಬಟ್ಟೆಯೊಳಗೆ ಕಾಲಿಟ್ಟು ಕೂತ ಮುದುಕ. ಆರು ವರ್ಷದಲ್ಲಿ ದೋನ್ ಅಬಿಲಿಯೊ ಅರ್ಧಕ್ಕರ್ಧ ಕುಗ್ಗಿದ್ದ. ಕಿವಿ ಮಾತ್ರ ಅಷ್ಟೇ ದೊಡ್ಡದಿತ್ತು. ಎಡಗೈಯ ಬೆರಳುಗಳು ಮೇಜಿನ ಮೇಲೆ ಇಳಿಯುತ್ತಿದ್ದವು. ಎಂಟು. ಮತ್ತೆ ಎಂಟು.

"ಇನ್ನೂ ಬಲಗಾಲೇ ಮೊದ್ಲು ಎಳೀತೀಯ," ಎಂದ. "ಕೂತ್ಕೊ. ಉರ್ಬಾನಾ, ಕೆಂಡದ ಹೊಗೆ ನನ್ನ ತಲೆಗೆ ಏರ್ತಿದೆ, ಕಿಟಕಿ ಸ್ವಲ್ಪ ತೆಗಿ."

ಲೆಯಾಂದ್ರೊ ಕೂತ. ಹೇಳಲು ಸಿದ್ಧಮಾಡಿಕೊಂಡು ಬಂದಿದ್ದ ಕ್ಷಮೆಯ ಮಾತು ಗಂಟಲಲ್ಲಿ ಮುಳ್ಳಿನ ಜೊತೆ ಸಿಕ್ಕಿಕೊಂಡಿತ್ತು. "ದೋನ್ ಅಬಿಲಿಯೊ, ಆ ತಳದ ಸ್ವರಗಳು..."

"ನಂದು. ಗೊತ್ತು. ಕಿವುಡನಲ್ಲ ನಾನು." ಮುದುಕ ಕೈ ಬೀಸಿದ. "ನಾನೂ ನನ್ನ ಗುರುವಿನ ಹತ್ರ ಎತ್ತಿದ್ದು, ಎರಡು ಸ್ವರ ಆಚೀಚೆ ಮಾಡಿ ನಂದು ಅಂದೆ. ಅವನು ಇನ್ಯಾರ ಹತ್ರ ಎತ್ತಿದ್ನೋ. ತಳ ಯಾರಪ್ಪನ ಮನೇದೂ ಅಲ್ಲ. ಅದಕ್ಕಲ್ಲ ಕರೆಸಿದ್ದು. ಅದರ ಮೇಲೆ ನೀನು ಏನು ಕಟ್ಟಿದೀಯೋ ಅದಕ್ಕೆ ಕರೆಸಿದ್ದು."

ಲೆಯಾಂದ್ರೊನಿಗೆ ಬೈಗುಳಕ್ಕೆ ಒಡ್ಡಿಟ್ಟುಕೊಂಡಿದ್ದ ಬೆನ್ನಿಗೆ ಯಾರೋ ಕೈಯಾಡಿಸಿದಂತೆ ಆಗಿ, ಏನು ಮಾಡಬೇಕೋ ತಿಳಿಯಲಿಲ್ಲ. ಇಪ್ಪತ್ತೇಳು ವರ್ಷದ ಗಂಡಸು, ದೇಶಕ್ಕೆಲ್ಲ ಮುಖ ಗೊತ್ತಿರುವವನು. ಆದರೂ ಈ ಮುದುಕ ಒಂದು ಸಲ ಭೇಷ್ ಅನ್ನಲೆಂದು ತಾನು ಇಷ್ಟು ವರ್ಷ ಕಾದಿದ್ದೆ ಎಂಬುದು ಆಗ ಗೊತ್ತಾಯಿತು.

"ಪಿಟೀಲು ಸಾಧಾರಣ," ದೋನ್ ಅಬಿಲಿಯೊ ಮುಂದುವರಿಸಿದ. "ಕಾಲು ದಂಡ, ನೀನೇ ನುಡಿಸಿದ್ದು ಅಂತ ಕಾಣುತ್ತೆ. ಆದ್ರೆ ಆ ದನಿ ಒಳಗೆ ಬರೋ ಜಾಗ ಇದೆಯಲ್ಲ. ಬಾಗಿಲು ತೆರೀತು, ಬರ್ಬೇಕು, ಬರ್ಲಿಲ್ಲ. ನನ್ನ ಎದೆ ಹೊಡ್ಕೊಳ್ಳೋದು ನಿಂತೇಹೋಯ್ತು. ಆಮೇಲೆ ಬಂತು. ಅಮ್ಮನ ಮಣ್ಣಿಗೆ ತಡವಾಗಿ ಬಂದ ಮಗನ ಥರ ಬಂತು. ಐವತ್ತು ವರ್ಷ ಅದೇ ತಳ ನುಡಿಸಿದೀನಿ, ಪ್ರತಿ ಸಲ ಎಲ್ಲ ಸಮಯಕ್ಕೆ ಸರಿಯಾಗಿ ಮಾಡಿದೆ. ಸತ್ತವರ ಹಾಡನ್ನ ಸಮಯಕ್ಕೆ ಸರಿಯಾಗಿ ಯಾರಾದ್ರೂ ಹಾಡ್ತಾರಾ? ಯಾರು ಹಾಡಿದ್ದು ಅದು?"

ಕಿಟಕಿಯ ಸಂದಿನಿಂದ ಒದ್ದೆ ಗಾಳಿ ಬಂತು. ಕೆಳಗೆ ಎಲಾದಿಯೊ ಕಾಲು ಬದಲಿಸಿ ನಿಂತ ಸದ್ದು ಲೆಯಾಂದ್ರೊನಿಗೆ ಕೇಳಿಸಿತು, ಅಥವಾ ಕೇಳಿಸಿದಂತಾಯಿತು. ಹೆಸರು ನಾಲಿಗೆಯ ಮೇಲೇ ಇತ್ತು. ಆದರೆ ಹೆಸರು ಹೇಳಿದರೆ ಉಳಿದದ್ದೆಲ್ಲ ಹಿಂದೆಯೇ ಬರುತ್ತದೆ. ನೃತ್ಯಶಾಲೆ, ಮಖಮಲ್ಲು, ಸುಳ್ಳುಕೂದಲು, ಸೊಂಟ. ಮುದುಕನ ಮುಖದ ಈ ಬೆಳಕು ಆರಿಹೋಗುತ್ತದೆ. ಇದು ಅವನು ತನಗೆ ಕೊಟ್ಟುಕೊಂಡ ಕಾರಣ. ಅದರ ಅಡಿಯಲ್ಲಿ ಇನ್ನೊಂದು ಇತ್ತು, ಅಣ್ಣನ ಕೋಣೆಯ ಮುಚ್ಚಿದ ಬಾಗಿಲಿನದು. ಅದನ್ನು ಅವನು ಮುಟ್ಟಲಿಲ್ಲ.

"ಸೆಮಿನರಿಯ ಹುಡುಗ ಒಬ್ಬ," ಎಂದ. "ಉತ್ತರದ ನವಾರಾ ಕಡೆಯವನು."

"ನವಾರಾ," ಎಂದ ದೋನ್ ಅಬಿಲಿಯೊ. ಅವನ ಬೆರಳುಗಳು ಒಂದು ಸುತ್ತು ಬಡಿದವು. "ಮತ್ತೆ ಆ ತಡ? ಅದು ಹುಡುಗನದೋ, ನೀನು ಬರೆದದ್ದೋ?"

ಇದಕ್ಕೆ ಯೋಚಿಸಲು ಹೊತ್ತು ಬೇಕಾಗಲಿಲ್ಲ, ಅದೇ ಅವನನ್ನು ಆಮೇಲೆ ಹೆಚ್ಚು ಸುಟ್ಟಿದ್ದು. "ನಾನೇ ಬರೆದದ್ದು," ಎಂದುಬಿಟ್ಟ.

ಮುದುಕ ತಲೆದೂಗಿದ. ಆಮೇಲೆ ಕುರ್ಚಿಯ ಹಿಂದಕ್ಕೆ ಕೈ ಚಾಚಿ, ತೊಗಲಿನ ರಟ್ಟಿನ ದಪ್ಪ ಪುಸ್ತಕವೊಂದನ್ನು ತಡವಿ ತೆಗೆದು, ಮೇಜಿನ ಮೇಲೆ ಇವನ ಕಡೆ ತಳ್ಳಿದ. ಲೆಯಾಂದ್ರೊ ಅದನ್ನು ಬಲ್ಲ. ಕಣ್ಣು ಹೋಗುವ ಮೊದಲು ದೋನ್ ಅಬಿಲಿಯೊ ತನ್ನ ಕೈಯಲ್ಲೇ ಬರೆದದ್ದು, ಕಣ್ಣು ಹೋದ ಮೇಲೆ ಉರ್ಬಾನಾಳ ಕೈಯಲ್ಲಿ ಬರೆಸಿದ್ದು, ಒಂದು ಆಯುಷ್ಯದ ಆರ್ಗನ್ ಕೃತಿಗಳೆಲ್ಲ ಅದರಲ್ಲಿದ್ದವು. ಹಿಂದೆ ಅದನ್ನು ಮುಟ್ಟಲೂ ಅಪ್ಪಣೆಯಿರಲಿಲ್ಲ.

"ನನ್ನ ಜೊತೆ ಹೂಳು ಅಂತ ಇವಳಿಗೆ ಹೇಳಿದ್ದೆ. ಕೊಡೋಕೆ ಯಾರೂ ಇಲ್ಲ ಅಂದ್ಕೊಂಡಿದ್ದೆ. ಆ ಅರ್ಧ ಎಣಿಕೆ ಗೊತ್ತಿರೋನಿಗೆ ಇದರಲ್ಲಿ ಏನು ಬೇಕು ಏನು ಬೇಡ ಅಂತ್ಲೂ ಗೊತ್ತಿರುತ್ತೆ. ತಗೊ."

ಲೆಯಾಂದ್ರೊ ತಗೊಂಡ. ಈಗ ಹೇಳಬೇಕು, ಈಗ, ಎನ್ನುತ್ತಲೇ ಎರಡು ಕೈಯಲ್ಲೂ ಅದನ್ನು ಎದೆಗೆ ಹಿಡಿದುಕೊಂಡ. ರಟ್ಟಿನಿಂದ ಮೇಣದ, ಹಳೆಯ ಕೈಬೆವರಿನ ವಾಸನೆ ಬರುತ್ತಿತ್ತು. ಕಿಟಕಿಯ ಹತ್ತಿರ ನಿಂತಿದ್ದ ಉರ್ಬಾನಾ ಕೆಳಗೆ ಬಗ್ಗಿ ನೋಡಿದಳು.

"ಅಯ್ಯೋ, ಕೆಳಗೆ ಒಬ್ಬ ಕಪ್ಪಗಿನೋನು ನಿಂತಿದಾನೆ. ಅವಾಗಿಂದ ನೆನೀತಾನೇ ಇದಾನೆ ಪಾಪ. ನಿನ್ನ ಜೊತೆ ಬಂದೋನೇನೋ?"

"ಇಲ್ಲ. ಯಾರೋ ಗೊತ್ತಿಲ್ಲ."

"ಯಾರಾದ್ರೂ ಆಗ್ಲಿ, ಮೇಲೆ ಕರೀಲಾ? ಸಾರು ಬಿಸಿ ಇದೆ. ಇವತ್ತಿನ ದಿನ ಬಾಗಿಲಲ್ಲಿ ನಿಂತೋನನ್ನ ಹಾಗೇ ಬಿಡಬಾರದು."

ಅವಳ ದನಿಯಲ್ಲಿ ಸಾರಿನ ಯೋಚನೆ ಬಿಟ್ಟರೆ ಬೇರೇನೂ ಇರಲಿಲ್ಲ. ಹಾಗಾದರೆ ಅವನು ಯಾರಿಗೆ ಹೆದರಿದ್ದ? ಈ ಕೋಣೆಯಲ್ಲಿ ಎಲಾದಿಯೊನಿಗೆ ಒಂದು ಬಟ್ಟಲು, ಒಂದು ಕುರ್ಚಿ, ಮೇಜಿನಡಿಯ ಕೆಂಡದ ಕಾವು ಮೊದಲಿನಿಂದಲೂ ಇದ್ದವು. ಇಲ್ಲದ್ದು ತನ್ನೊಳಗೆ ಮಾತ್ರ. ಅವನು ಎದ್ದು, ಭಾನುವಾರ ಮತ್ತೆ ಬರುತ್ತೇನೆ, ಅಮ್ಮ ಕಾಯುತ್ತಿದ್ದಾಳೆ ಎಂದೇನೋ ಗೊಣಗಿ, ಪುಸ್ತಕವನ್ನು ಕೋಟಿನೊಳಗೆ ಸೇರಿಸಿ, ಕತ್ತಲೆಯ ಮೆಟ್ಟಿಲುಗಳನ್ನು ಗೋಡೆ ಹಿಡಿದುಕೊಂಡು ಇಳಿದ.

ಎಲಾದಿಯೊ ಅಂಗಡಿಯ ಮುಚ್ಚಿದ ಬಾಗಿಲಿಗೆ ಒರಗಿ ನಿಂತಿದ್ದ. ಬೇಸಿಗೆ ಕೋಟು ಮೈಗೆ ಅಂಟಿತ್ತು. ಅರ್ಧ ಗಂಟೆಯಾಗಿತ್ತು.

"ಬೈದ್ರಾ?"

"ಇಲ್ಲ," ಎಂದ ಲೆಯಾಂದ್ರೊ ಮೆಲ್ಲಗೆ, ಅವನ ತೋಳು ಹಿಡಿದು ಓಣಿಯ ಕೆಳಗಡೆಗೆ ಎಳೆಯುತ್ತ. "ಮೆಚ್ಚಿಕೊಂಡ್ರು. ಸುಸ್ತಾಗಿದಾರೆ, ಮಲಗಿದಾರೆ. ಇನ್ನೊಂದು ದಿನ ಹೋಗೋಣ."

ಎಲಾದಿಯೊ ಅಲುಗಲಿಲ್ಲ. "ದನಿ? ದನಿ ಬಗ್ಗೆ ಏನಂದ್ರು?"

"ತುಂಬಾ ಚೆನ್ನಾಗಿದೆ ಅಂದ್ರು. ಬಾ."

"ನನ್ನ ಹೆಸರು ಹೇಳಿದ್ಯಾ?"

"ಹೇಳ್ದೆ."

"ಏನಂದ್ರು?" ಎಲಾದಿಯೊ ನಕ್ಕು ತಲೆಯನ್ನು ಹಿಂದಕ್ಕೆ ಹಾಕಿದ, ಮಳೆಹನಿ ಅವನ ಮುಖದ ಮೇಲೆ ಬಿತ್ತು. ಸಂತೋಷ ಬಂದಾಗ ಅವನ ದನಿ ತಾನಾಗಿ ತಗ್ಗಿ ದಪ್ಪವಾಗುತ್ತಿತ್ತು. "ನಮ್ಮಮ್ಮಂಗೆ ಬರೀತೀನಿ ನೋಡು. ಓದೋಕೆ ಅಲ್ಲಿ ಅವಳಿದ್ರೆ. ಅಮ್ಮಾ, ಇಲ್ಲಿ ಒಬ್ಬ ದೊಡ್ಡ ಸಂಗೀತಗಾರರು ನನ್ನ ಹೆಸರು ಕೇಳಿದ್ರು ಅಂತ."

ಮೇಲೆ ಕಿಟಕಿ ಪೂರ್ತಿ ತೆರೆದುಕೊಂಡಿತು. ಬಾಗಿಲು ಗೋಡೆಗೆ ಬಡಿದ ರಭಸಕ್ಕೆ ಇಬ್ಬರೂ ತಲೆ ಎತ್ತಿದರು. ದೋನ್ ಅಬಿಲಿಯೊ ಕಿಟಕಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ, ಹಿಂದೆ ಉರ್ಬಾನಾ ಅವನ ಸೊಂಟ ಹಿಡಿದುಕೊಂಡಿದ್ದಳು. ಕುರುಡು ಮುಖ ಇವರ ಕಡೆಗಲ್ಲ, ಎದುರು ಗೋಡೆಯ ಕಡೆಗಿತ್ತು. ಕಿವಿ ಮಾತ್ರ ಇವರ ಕಡೆಗಿತ್ತು.

"ಯಾರಪ್ಪ ಅಲ್ಲಿ, ಈಗ ಮಾತಾಡಿದ್ದು?"

ಎಲಾದಿಯೊ ತಲೆಯ ಮೇಲಿನ ನೀರನ್ನು ಕೈಯಿಂದ ಸವರಿಕೊಂಡು ನೆಟ್ಟಗೆ ನಿಂತ, ಪಾದ್ರಿಗಳ ಶಾಲೆಯಲ್ಲಿ ಹೆಸರು ಕರೆದಾಗ ನಿಲ್ಲುತ್ತಿದ್ದ ಹಾಗೆ. "ನಾನು, ದೋನ್ ಅಬಿಲಿಯೊ. ಎಲಾದಿಯೊ ರಿಲೋಹಾ. ಲೆಯಾಂದ್ರೊ ಹೇಳಿದ್ನಲ್ಲ."

ಲೆಯಾಂದ್ರೊ ಉರ್ಬಾನಾಳನ್ನು ನೋಡಿದ, ಅವಳು ಅವನನ್ನು ನೋಡುತ್ತಿದ್ದಳು. ಕೋಟಿನೊಳಗೆ ಪುಸ್ತಕದ ಮೂಲೆ ಪಕ್ಕೆಲುಬಿಗೆ ಒತ್ತುತ್ತಿತ್ತು. ಮುದುಕ ಈಗ ಕೂಗುತ್ತಾನೆ, ಕಳ್ಳ ಎನ್ನುತ್ತಾನೆ, ಕೂಗಿದರೆ ಒಳ್ಳೆಯದು ಎಂದು ಅವನಿಗೆ ಅನ್ನಿಸಿತು.

"ಹೂಂ, ಹೇಳ್ದ," ಎಂದ ದೋನ್ ಅಬಿಲಿಯೊ ನಿಧಾನವಾಗಿ. "ಸೆಮಿನರಿಯ ಹುಡುಗ ಅಂದ. ನವಾರಾ ಕಡೆಯೋನು ಅಂದ. ಬಾ ಮಗಾ, ಮೇಲೆ ಬಾ. ಚಳಿ."

ಎಲಾದಿಯೊ ಲೆಯಾಂದ್ರೊನ ಕಡೆ ತಿರುಗಿದ. "ನವಾರಾ?" ಎಂದ. ಅರ್ಥವಾಗದವನ ಹಾಗೆ ಕೇಳಿದ, ಕೇಳುತ್ತಿರುವಾಗಲೇ ಅರ್ಥವಾಯಿತು; ಅದು ಅವನ ಮುಖದಲ್ಲಿ ಆದದ್ದನ್ನು ಲೆಯಾಂದ್ರೊ ಪೂರ್ತಿ ನೋಡಬೇಕಾಯಿತು. ಈ ಸಲ ಬಗ್ಗಿ ಕೂತು ಅರ್ಧ ನೋಡುವಂತಿರಲಿಲ್ಲ. ಎಲಾದಿಯೊ ತನ್ನ ತೋಳಿನ ಮೇಲಿದ್ದ ಅವನ ಕೈಯನ್ನು, ಒರಟಾಗಿ ಅಲ್ಲ, ಬೇರೆಯವರ ಸಾಮಾನೆತ್ತಿ ಬದಿಗಿಡುವ ಹಾಗೆ ತೆಗೆದು ಬಿಟ್ಟ. ಆಮೇಲೆ ಒಳಗೆ ಹೋಗಿ ಮೆಟ್ಟಿಲು ಹತ್ತತೊಡಗಿದ. ಲೆಯಾಂದ್ರೊ ಹಿಂದೆಯೇ ಒಂದು ಕಾಲು ಹೊಸ್ತಿಲೊಳಗೆ ಇಟ್ಟಿದ್ದ.

"ಲೆಯಾಂದ್ರೊ," ಮೇಲಿನಿಂದ ಮುದುಕನ ದನಿ ಬಂತು, ಸಿಟ್ಟಿಲ್ಲದ ದನಿ. "ಬಲಗಾಲು ಆಚೆ ತೆಗಿ. ನೀನು ಸ್ವಲ್ಪ ಅಲ್ಲೇ ಇರು."

ಅವನು ಹೊರಗೆ ನಿಂತ. ಎಲಾದಿಯೊ ಒರಗಿದ್ದ ಬಾಗಿಲ ಪಟ್ಟಿ ಇನ್ನೂ ಒಣಗಿತ್ತು, ಉದ್ದನೆಯ ಆಳಿನ ಅಳತೆಗೆ. ಅಲ್ಲಿ ನಿಲ್ಲಲು ಅವನಿಗೆ ಮನಸ್ಸು ಬರಲಿಲ್ಲ, ಮಳೆಯಲ್ಲೇ ನಿಂತ. ಪುಸ್ತಕವನ್ನು ಮೆಟ್ಟಿಲ ಮೇಲೆ ಇಟ್ಟು ಹೋಗಿಬಿಡಬಹುದು. ಇಟ್ಟರೆ ಒದ್ದೆಯಾಗುತ್ತದೆ, ಇಟ್ಟುಕೊಂಡರೆ ಕದ್ದಂತಾಗುತ್ತದೆ ಎಂದು ಲೆಕ್ಕ ಹಾಕುತ್ತ, ಈ ಹೊತ್ತಿನಲ್ಲೂ ತನಗೆ ಯಾವುದು ಕಡಿಮೆ ಅವಮಾನ ಎಂದೇ ನೋಡುತ್ತಿದ್ದೇನಲ್ಲ ಎಂದು ತನ್ನ ಬಗ್ಗೆಯೇ ಹೇಸಿಗೆಪಟ್ಟ. ತೆರೆದ ಕಿಟಕಿಯಿಂದ ಕುರ್ಚಿ ಎಳೆದ ಸದ್ದು ಬಂತು, ಬಟ್ಟಲಿಗೆ ಚಮಚ ತಾಗಿದ ಸದ್ದು, ಮಾತು, ಏನೆಂದು ತಿಳಿಯದ ಮಾತು, ಬಹಳ ಹೊತ್ತು. ಒಮ್ಮೆ ಉರ್ಬಾನಾ "ಅಯ್ಯೋ ದೇವರೇ, ಏಳು ವಾರವಾ" ಎಂದದ್ದು ಮಾತ್ರ ಸ್ಪಷ್ಟ ಕೇಳಿಸಿತು. ಅಮ್ಮನ ಸುದ್ದಿಯನ್ನು ಅವನು ಅವರಿಗೆ ಹೇಳುತ್ತಿದ್ದ. ದಿನಾ ಪತ್ರ ಬಂತಾ ಎಂದು ಕೇಳುವುದು ಬಿಟ್ಟರೆ ಅದರ ಬಗ್ಗೆ ಲೆಯಾಂದ್ರೊ ಅವನನ್ನು ಕೂರಿಸಿಕೊಂಡು ಒಂದು ಸಲವೂ ಕೇಳಿರಲಿಲ್ಲ.

ಆಮೇಲೆ ಬೆರಳುಗಳು ಶುರುವಾದವು. ಮರದ ಮೇಲೆ ಮೆತ್ತಗೆ, ಎಂಟು, ಮತ್ತೆ ಎಂಟು. ಲೆಯಾಂದ್ರೊ ಮನಸ್ಸಿನಲ್ಲೇ ಸುತ್ತು ಎಣಿಸಿದ. ಎರಡನೆಯ ಸುತ್ತಿಗೆ ಪಿಟೀಲು, ಮೂರನೆಯದಕ್ಕೆ ಮೇಲಿನ ತಂತಿ, ನಾಲ್ಕು ಮುಗಿಯಿತು. ಈಗ ದನಿ ಬರಬೇಕು. ಅರ್ಧ ಎಣಿಕೆ ಕಳೆಯಿತು. ಒಂದು ಎಣಿಕೆ ಕಳೆಯಿತು. ಬೆರಳುಗಳು ಕಾಯುತ್ತ ಮತ್ತೆ ಮೇಲಿನಿಂದ ಇಳಿದವು.

"ಯಾರು, ಫೆರೇರೊನ ಮಗನಲ್ವಾ?" ಸಂಜೆಯ ಮೆರವಣಿಗೆಗೆ ಹೊರಟ ನಡುವಯಸ್ಸಿನ ಒಬ್ಬ ಓಣಿಯ ಮೇಲಿನಿಂದ ಇಳಿದು ಬಂದಿದ್ದ, ಕಪ್ಪು ನಿಲುವಂಗಿ ತೊಟ್ಟು, ಚೂಪು ಮುಖಗವಸನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. "ಟೆಲಿವಿಷನ್ನಲ್ಲಿ ಬರ್ತೀಯಲ್ಲ ನೀನು, ಆ ಕೂದಲು ಹಾಕ್ಕೊಂಡು? ಏನಯ್ಯಾ ಹೀಗೆ ಮಳೇಲಿ ನಿಂತಿದೀಯ, ಯಾರಿಗೆ ಕಾಯ್ತಿದೀಯ?"

"ಎಲಾದಿಯೊ ರಿಲೋಹಾ," ಎಂದ ಲೆಯಾಂದ್ರೊ. ಅವನ ದನಿ ಓಣಿಯಲ್ಲಿ ಬೇಕಾದ್ದಕ್ಕಿಂತ ಗಟ್ಟಿಯಾಗಿ ಕೇಳಿಸಿತು. ಅವನು ಕಿಟಕಿಯ ಕಡೆ ಮುಖ ಎತ್ತಿ ಇನ್ನೊಮ್ಮೆ ಹೇಳಿದ. "ಎಲಾದಿಯೊ ರಿಲೋಹಾ. ನಮ್ಮ ಹಾಡುಗಾರ. ಸಾಂತಾ ಇಸಾಬೆಲ್‌ನವನು. ಆ ತಡ ಅವನದು, ನಂದಲ್ಲ."

"ಏನು ತಡ?" ಎಂದ ಆತ. ಉತ್ತರಕ್ಕೆ ಒಂದು ಗಳಿಗೆ ಕಾದು, ಭುಜ ಕುಣಿಸಿ, ನಿಲುವಂಗಿಯ ಅಂಚನ್ನು ಕೆಸರಿನಿಂದ ಎತ್ತಿಕೊಂಡು ಇಳಿದು ಹೋದ.

ಮೇಲೆ ಬೆರಳುಗಳು ನಿಂತಿದ್ದವು. ಉರ್ಬಾನಾಳ ಕೈ ಹೊರಗೆ ಚಾಚಿ, ಕಿಟಕಿಯ ಒಂದು ಬಾಗಿಲನ್ನು ಎಳೆದುಕೊಂಡಿತು, ಆಮೇಲೆ ಇನ್ನೊಂದನ್ನು. ಒಳಗಿನಿಂದ ಚಿಲಕ ಬಿತ್ತು. ಇನ್ನು ಆ ದನಿ ಬಂದರೂ ಅವನಿಗೆ ಕೇಳಿಸುವಂತಿರಲಿಲ್ಲ.